ಕಿಟಕಿಗೆ ಇಳಿಬಿಟ್ಟ ಬೀಗ

ವಾಡಿಯ ಕಾರ್ಖಾನೆಯಲ್ಲಿ ನನ್ನ ಕೆಲಸ ಲೋಹದ ತುಂಡುಗಳನ್ನು ಯಂತ್ರಕ್ಕೆ ಸಿಕ್ಕಿಸಿ, ಹರಿದು ತುಂಡಾಗುವ ತನಕ ಎಳೆದು ನೋಡುವುದು. ಹೆಂಡತಿಗೆ ಚಿಂಚೋಳಿಯ ಶಾಲೆಗೆ ವರ್ಗವಾದ ಮೇಲೆ ಕ್ವಾರ್ಟರ್ಸಿನಲ್ಲಿ ನಾನೊಬ್ಬನೇ. ಅವಳ ಟ್ರಂಕಿನ ಹಳೆಯ ಬೀಗ ಇಲ್ಲೇ ಉಳಿದಿತ್ತು. ಹೊತ್ತು ಹೋಗದ ಒಂದು ಭಾನುವಾರ ಅದನ್ನು ಬೆಸುಗೆ ಹಾಕುವ ತವರ-ಸೀಸದ ತಂತಿಗೆ ಕಟ್ಟಿ, ಕಿಟಕಿಯ ಸರಳಿಗೆ ಇಳಿಬಿಟ್ಟೆ. ಆ ತಂತಿಯನ್ನು ಜೋರಾಗಿ ಜಗ್ಗಿದರೆ ಹರಿದೇ ಹೋಗುತ್ತದೆ. ಸಣ್ಣ ಭಾರ ಕಟ್ಟಿ ಸುಮ್ಮನೆ ಬಿಟ್ಟರೆ, ಕಾಯಿಸುವುದೂ ಬೇಡ, ಒಳಗಿನ ಅತಿ ಸಣ್ಣ ಹರಳುಗಳು ಒಂದರ ಮಗ್ಗುಲಿಗೆ ಒಂದು ಜಾರುತ್ತ ತಂತಿ ಉದ್ದವಾಗುತ್ತಲೇ ಹೋಗುತ್ತದೆ. ದಿನಾ ನೋಡುವವರಿಗೆ ಗೊತ್ತಾಗುವುದಿಲ್ಲ.

“ಸಂಸಾರಕ್ಕ ದೃಷ್ಟಿ ಆಗಬಾರದಂತ ಕಟ್ಟೀರೇನ್ರಿ?” ಎಂದು ಪಕ್ಕದ ಮನೆಯ ಅಕ್ಕ ಕೇಳಿದರು. ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ. “ಹೌದ್ರಿ” ಅಂದುಬಿಟ್ಟೆ.

ಹೆಂಡತಿ ಮೊದಮೊದಲು ಪ್ರತಿ ಶನಿವಾರ ಬರುತ್ತಿದ್ದಳು. ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಹಬ್ಬಕ್ಕೆ ಮಾತ್ರ. ನಮ್ಮಿಬ್ಬರಲ್ಲಿ ಒಂದು ಜಗಳವೂ ಆಗಲಿಲ್ಲ. ಆಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಈ ಯುಗಾದಿಗೆ ಬಂದಾಗ ಅವಳ ಕಣ್ಣು ಕಿಟಕಿಯ ಕೆಳಗೆ ಹೋಯಿತು. ಬೀಗ ಶಹಾಬಾದಿ ಕಲ್ಲಿನ ನೆಲದ ಮೇಲೆ ಕೂತಿತ್ತು.

“ತಂತಿ ಹರೀತೇನ್ರಿ?”

“ಹರದಿಲ್ಲ. ಉದ್ದ ಆಗ್ಯಾದ.”

ಅವಳು ಬೇವು-ಬೆಲ್ಲ ಕಲಸಿದ ಪಾತ್ರೆ ತೊಳೆದಿಟ್ಟು ಸಂಜೆಯ ಬಸ್ಸಿಗೆ ಹೊರಟಳು.

ತಂತಿ ಇನ್ನೂ ಸರಳಿನಲ್ಲೇ ಇದೆ. ಈಗ ಅದು ಹರಿಯುವುದೂ ಇಲ್ಲ, ಬೆಳೆಯುವುದೂ ಇಲ್ಲ. ಎಳೆಯಲು ಭಾರವೇ ಉಳಿದಿಲ್ಲ.