ಹೊಸ ನರ

ನನಗೆ ಸಿಟ್ಟು ಬರಲು ಬಹಳ ಹೊತ್ತು ಬೇಕಿಲ್ಲ, ಮನೆಯವರೆಲ್ಲ ಬಲ್ಲರು. ಆದರೆ ದಿಗ್ಗೇವಾಡಿಯ ಆ ಪಡಸಾಲೆಯಲ್ಲಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಸಕ್ಕರೆ ಕಾಯಿಲೆಯವರ ಕಣ್ಣಿನ ಮೇಲೆ ಸಂಶೋಧನೆ ಮಾಡುವ ಡಾಕ್ಟರು ನಾನು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿದ್ದರೆ ಕಣ್ಣಿನ ಹಿಂದಿನ ಪರದೆಯ ರಕ್ತನಾಳಗಳು ಕೆಡುತ್ತವೆ; ಕೆಲವರಲ್ಲಿ ಅಲ್ಲಿ ಹೊಸವು ಹುಟ್ಟುತ್ತವೆ. ಈ ಹೊಸವೇ ಘಾತುಕ. ಬಲವಿಲ್ಲದ ನಾಳ, ಯಾವಾಗ ಬೇಕಾದರೂ ಒಡೆದು ಕಣ್ಣೊಳಗೆ ರಕ್ತ ತುಂಬುತ್ತದೆ. ಅಲ್ಲಿಯ ತನಕ ಕಣ್ಣು ಚೆನ್ನಾಗಿಯೇ ಕಾಣುತ್ತಿರುತ್ತದೆ. ರಾಯಬಾಗ, ಅಥಣಿ ಕಡೆಯ ಹಳ್ಳಿಗಳಲ್ಲಿ ಕ್ಯಾಮೆರಾ ಹೊತ್ತು ತಿರುಗಿ ಪರದೆಯ ಫೋಟೊ ತೆಗೆಯುವುದು, ವರ್ಷ ಬಿಟ್ಟು ಮತ್ತೆ ತೆಗೆಯುವುದು ನಮ್ಮ ಕೆಲಸ.

ದಿಗ್ಗೇವಾಡಿಯದು ಕಬ್ಬಿನ ಹೊಲದವರ ಮನೆ. ಮನೆಯೊಡತಿಯನ್ನು ನಾನು ಚಿಕ್ಕಮ್ಮನ ಸಲಿಗೆಯಲ್ಲಿ ಕಾಕು ಎನ್ನುತ್ತಿದ್ದೆ. ಎರಡನೇ ಸಲ ಹೋದಾಗ ಕಾಕು ಕುರ್ಚಿಯನ್ನು ಕೈಯಿಂದ ತಡವಿ ಕೂತರು. ಎಡಗಣ್ಣಿನ ಫೋಟೊದಲ್ಲಿ ಬರೀ ಕತ್ತಲೆ. ನನ್ನ ಪಿತ್ತ ನೆತ್ತಿಗೇರಿತು.

“ಕಾಕು, ಲಗೂನ ದವಾಖಾನಿಗೆ ಹೋಗ್ರಿ ಅಂತ ಹ್ವಾದ ವರ್ಷ ಚೀಟಿ ಕೊಟ್ಟಿದ್ನಿ. ಏನ್ ಮಾಡಿದ್ರಿ ಅದನ್ನ?” ಎಂದು ಕೂಗಿಯೇ ಕೇಳಿದೆ.

ಅವರ ಗಂಡ ಒಳಗಿನಿಂದ ಚೀಟಿ ತಂದರು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿತ್ತು. ದೇವರ ಜಗಲಿಯ ಮೇಲಿಟ್ಟಿದ್ದರಂತೆ!

“ಸಿಟ್ಟಾಗಬ್ಯಾಡ್ರಿ ಡಾಕ್ಟರ್ ಬಾಯಾರ,” ಎಂದರು. “ಕಣ್ಣಾಗ ಹೊಸಾ ನರ ಹುಟ್ಟ್ಯಾವ ಅಂತ ನೀವ ಹೇಳಿದ್ರಲ್ರಿ. ನನ್ನ ಕಾಲಾಗಿನ ನರ ಸತ್ತಾವ ಅಂತ ಡಾಕ್ಟರ್ ಹೇಳಿ ಮೂರು ವರ್ಷಾತು. ಇಕೀಗೆ ಹೊಸಾವ ಹುಟ್ಟ್ಯಾವಂದ್ರ ಸಣ್ಣ ಮಾತೇನ್ರಿ? ಓಣಿಗೆಲ್ಲಾ ಪೇಢೆ ಹಂಚಿದ್ವಿ. ಕಣ್ಣೂ ಛಲೋ ಕಾಣತಿದ್ವು, ಮತ್ತ ದವಾಖಾನಿ ಯಾಕಂತ ಸುಮ್ಮನಾದ್ವಿ.”

ಪೇಢೆ! ಸಕ್ಕರೆ ಕಾಯಿಲೆಯ ಮನೆಯಲ್ಲಿ!

ಹೌದು, ನಾನೇ ಹೇಳಿದ್ದೆ. ರಕ್ತನಾಳ ಎಂದರೆ ತಿಳಿಯಲಿಕ್ಕಿಲ್ಲ ಎಂದು ಜಾಣತನ ಮಾಡಿ ‘ನರ’ ಎಂದಿದ್ದೆ. ಇಲ್ಲಿ ಸೊಂಟ ಹಿಡಿದರೂ ನರ ವೀಕು, ತಲೆ ತಿರುಗಿದರೂ ನರ ವೀಕು. ಹೊಸ ನರ ಎಂದರೆ ಹೊಸ ಶಕ್ತಿ, ದೇವರು ಕೊಟ್ಟದ್ದು. ಬೇರೆ ಸೀಮೆಯಿಂದ ಬಂದವಳಿಗೆ ಇದು ಗೊತ್ತಿಲ್ಲದಿದ್ದರೆ ಸರಿ. ಚಿಕ್ಕೋಡಿಯಲ್ಲೇ ಹುಟ್ಟಿ ಬೆಳೆದ ನನಗೇನು ಧಾಡಿ? ನನ್ನ ನಾಲಗೆಗಿಷ್ಟು ಬೆಂಕಿ ಹಾಕ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಹೋದದ್ದು ಒಂದು ಕಣ್ಣು.

ಯೋಜನೆಯ ಮುಖ್ಯಸ್ಥರಿಗೆ ಅಲ್ಲಿಂದಲೇ ಫೋನ್ ಮಾಡಿದೆ. “ಚೀಟಿ ಕೊಟ್ಟಿದ್ದೀವಿ, ಸಹಿ ತಗೊಂಡಿದ್ದೀವಿ. ನಮ್ಮ ಕಡೆಯಿಂದ ತಪ್ಪಿಲ್ಲ” ಎಂದರು ತಣ್ಣಗೆ.

“ಆ ಸಹಿ ತಗೊಂಡು ಉಪ್ಪಿನಕಾಯಿ ಹಾಕೋಣೇನ್ರಿ ಸರ್?” ಎಂದು ಫೋನ್ ಇಟ್ಟೆ.

ಬಲಗಣ್ಣಿನಲ್ಲೂ ಅದೇ ಹೊಸ ನಾಳಗಳು ಹೆಣೆದುಕೊಂಡಿದ್ದವು. ಇನ್ನೂ ಒಡೆದಿರಲಿಲ್ಲ. ಲೇಸರ್‌ನಿಂದ ಅವನ್ನು ಸುಡದಿದ್ದರೆ ಆ ಕಣ್ಣೂ ಹೋಗುವುದೇ. ಗಂಡ ಮಾತ್ರ ತಲೆ ಕೆರೆಯುತ್ತ, “ಕಬ್ಬಿನ ಕಟಾವು ಒಂದ್ ಮುಗೀಲ್ರಿ” ಎಂದರು.

“ಕಬ್ಬು ಮತ್ತ ಚಿಗೀತೈತ್ರಿ ಕಾಕಾ, ಕಣ್ಣು ಚಿಗ್ಯಂಗಿಲ್ಲ!” ಓಣಿಗೆಲ್ಲ ಕೇಳುವಂತೆ ಒದರಿದೆ. “ಇವು ಶಕ್ತಿ ಕೊಡೋ ನರ ಅಲ್ಲ. ಹೊಲದಾಗ ಎದ್ದ ಕಸ ಇದ್ದಂಗ. ಸುಡಬೇಕು. ಇವತ್ತ ಸುಡಬೇಕು. ಏಳ್ರಿ ಕಾಕು, ಗಾಡಿ ಹತ್ರಿ!”

ಕಾಕು ಎದ್ದರು. ಗಂಡ ಚಪ್ಪಲಿ ಹುಡುಕತೊಡಗಿದರು. ಅಂದೇ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದೆ. ನಾಲ್ಕಾರು ವಾರಗಳಲ್ಲಿ ಲೇಸರ್ ಮುಗಿಯಿತು, ಬಲಗಣ್ಣು ಉಳಿಯಿತು. ಎಡಗಣ್ಣಿನ ಪರದೆ ಮಾತ್ರ ಕಿತ್ತು ಹೋಗಿತ್ತು. ಯಾರೂ ಏನೂ ಮಾಡುವಂತಿರಲಿಲ್ಲ.

ಕೊನೆಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕಾಕುವಿನ ಪಕ್ಕ ಕೂತು, “ತಪ್ಪಾತ್ರಿ ಕಾಕು. ಅವತ್ತ ನಿಮ್ಮ ಮನ್ಯಾಗ ಹಂಗ ಒದರಬಾರದಿತ್ತು” ಎಂದೆ.

ಕಾಕು ಕಾಣುವ ಕಣ್ಣನ್ನು ನನ್ನ ಕಡೆ ತಿರುಗಿಸಿದರು.

“ಒದರಿದ್ರಿ ಅಂತನ ಬಂದ್ನಿ ಬಾಯಾರ. ಹ್ವಾದ ವರ್ಷನೂ ಒದರಬೇಕಿತ್ರಿ. ಆವಾಗ ನೀವು ನಕ್ಕೋತ ಹೇಳಿದ್ರಿ.”