ಪಾದ್ರಿಗಳಿಲ್ಲದ ವರ್ಷ

ಈಸ್ಟರ್ ಮುಗಿದ ಮೇಲೆ ನಮ್ಮ ಪಾದ್ರಿಗಳಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ರಾಮದುರ್ಗದ ನಮ್ಮ ಗುಡಿ, ಅಂದರೆ ಚರ್ಚು, ಸಣ್ಣದು. ಇಂಗ್ಲಿಷರ ಕಾಲದಲ್ಲಿ ಆಂಗ್ಲಿಕನ್ ಸಭೆಯವರು ಕಟ್ಟಿಸಿದ್ದು. ಊರ ಕಲ್ಲಿನ ಗೋಡೆ, ಮೇಲೆ ಹೆಂಚು, ಮುಂದೆ ಎರಡು ಬೇವಿನ ಮರ. ಸಭೆಯ ಮನೆಗಳೂ ಕಡಿಮೆಯೇ. ಕೆಲವರು ನೇಕಾರರು, ಕೆಲವರು ಮಾಸ್ತರರು, ದವಾಖಾನೆಯ ನರ್ಸುಗಳು. ಸವದತ್ತಿ, ಬೈಲಹೊಂಗಲ, ಕಿತ್ತೂರುಗಳಲ್ಲಿಯೂ ಹೀಗೆಯೇ ಅಲ್ಲೊಂದು ಇಲ್ಲೊಂದು ಮನೆ. ಇಷ್ಟು ಜನಕ್ಕೆ ಒಬ್ಬರನ್ನು ಹುಡುಕಿ ಕಳಿಸುವುದು ಮೇಲಿನವರಿಗೂ ಕಷ್ಟವಾಗಿದ್ದೀತು. ತಿಂಗಳಿಗೊಮ್ಮೆ ಧಾರವಾಡದಿಂದ ಒಬ್ಬ ಪಾದ್ರಿಗಳು ಬಂದು ರೊಟ್ಟಿ ದ್ರಾಕ್ಷಾರಸದ ಸಂಸ್ಕಾರ ನಡೆಸಿಕೊಡುವುದು, ಉಳಿದ ಭಾನುವಾರಗಳನ್ನು ನಾವೇ ನೋಡಿಕೊಳ್ಳುವುದು ಎಂದು ಗೊತ್ತಾಯಿತು.

ನಾವೇ ಎಂದರೆ ಇಬ್ಬರು. ಸಭೆಯ ಹಿರಿಯರೊಬ್ಬರು, ಮತ್ತು ನಾನು. ನಾನು ಹೆಣ್ಣುಮಕ್ಕಳ ಸಾಲಿಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಯಜಮಾನರು ತೀರಿಕೊಂಡ ಮೇಲೆ ಗುಡಿಯೇ ನನ್ನ ಎರಡನೆಯ ಮನೆಯಾಗಿತ್ತು. ಹಿರಿಯರು ಬೈಲಹೊಂಗಲದವರು, ಸರಕಾರಿ ಬಸ್ಸು ಓಡಿಸಿ ನಿವೃತ್ತರಾಗಿ ಇಲ್ಲೇ ನೆಲೆ ನಿಂತವರು. ಗುಡಿಯ ಬೀಗ ಅವರ ಸುಪರ್ದಿಯಲ್ಲಿತ್ತು. ಮೊದಲ ಭಾನುವಾರ ಅವರು ಪ್ರಾರ್ಥನೆಯ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.

"ಅಕ್ಕೋರ, ನೀವು ಓದ್ರಿ. ನಂದು ಬಸ್ಸಿನ ದನಿ. ಗುಡಿಗೆ ಹೊಂದಂಗಿಲ್ಲ."

ಹೆಂಗಸು ಓದುವುದು ಕೆಲವರಿಗೆ ಸರಿಬರಲಿಲ್ಲ. ಹಿರಿಯರು ಮುಂದಿನ ಬೆಂಚಿನಲ್ಲಿ ಕೂತು ನನ್ನ ಒಂದೊಂದು ವಾಕ್ಯಕ್ಕೂ ಗಟ್ಟಿಯಾಗಿ 'ಆಮೆನ್' ಅಂದರು. ಆಮೇಲೆ ಯಾರೂ ಏನೂ ಅನ್ನಲಿಲ್ಲ. ಈಸ್ಟರಿನಿಂದ ಐವತ್ತನೆಯ ದಿನದ ಪಂಚಾಶತ್ತಮ ಹಬ್ಬ ಕಳೆಯಿತು. ನಾನು ವೇದಿಕೆಯ ಮೇಲೆ ಹಸಿರು ವಸ್ತ್ರ ಹಾಸಿದೆ. ವರ್ಷದಲ್ಲಿ ಹಬ್ಬವಿಲ್ಲದ ಉದ್ದನೆಯ ಕಾಲ ಅದು. ಹಸಿರು ತಿಂಗಳುಗಟ್ಟಲೆ ಹಾಗೇ ಇರುತ್ತದೆ.

ಶ್ರಾವಣದಲ್ಲಿ ಮಲಪ್ರಭೆ ಏರಿದಳು. ಮೇಲೆ ಎಲ್ಲೋ ಸುರಿದ ಮಳೆಗೆ ಆಣೆಕಟ್ಟು ತುಂಬಿ, ನೀರು ಬಿಟ್ಟರು. ಊರಲ್ಲಿ ಆ ದಿನ ಬಿಸಿಲಿತ್ತು. ಬಿಸಿಲಿನಲ್ಲೇ ಕೆಳಗಿನ ಓಣಿಗಳಿಗೆ ನೀರು ನುಗ್ಗಿತು, ಮಗ್ಗದ ಗುಂಡಿಗಳು ತುಂಬಿಕೊಂಡವು. ಗುಡಿ ಎತ್ತರದಲ್ಲಿದೆ. ಹಿರಿಯರು ಬಾಗಿಲು ತೆಗೆದು ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿದರು. ಯಾವ ಜಾತಿ, ಯಾವ ದೇವರು ಎಂದು ಕೇಳದೆ ಜನ ಬಂದರು, ಕೋಳಿ ಮರಿಗಳನ್ನು ಸೆರಗಲ್ಲಿ ಕಟ್ಟಿಕೊಂಡು, ಟ್ರಂಕು ಹೊತ್ತುಕೊಂಡು. ಸಂಜೆ ಹೊತ್ತಿಗೆ ಸುರೇಬಾನದ ಕಡೆಯ ಹೊಳೆದಂಡೆಯ ಹಳ್ಳಿಯವರನ್ನು ಟ್ರ್ಯಾಕ್ಟರಿನಲ್ಲಿ ತಂದು ಇಳಿಸಿದರು.

ಅವರಲ್ಲಿ ಒಬ್ಬ ವಯಸ್ಸಾದ ಹೆಂಗಸು ಬಾಗಿಲಲ್ಲಿ ನಿಂತುಬಿಟ್ಟಳು. ಇಳಕಲ್ ಸೀರೆ ಮೊಣಕಾಲ ತನಕ ತೊಯ್ದಿತ್ತು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಗಂಡ ಹಿಂದಿನಿಂದ "ಒಳಗ ನಡಿ" ಅನ್ನುತ್ತಿದ್ದರೂ ಆಕೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಒಳಗಿನಿಂದ ಚಾಪೆ ತರುತ್ತಿದ್ದ ನಮ್ಮ ಹಿರಿಯರೂ ನಿಂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹಿರಿಯರು ಚಾಪೆಯನ್ನು ಅಲ್ಲೇ ಬಾಗಿಲ ಹತ್ತಿರ ಹಾಸಿ, ತಿರುಗಿ ಹೊರಟುಹೋದರು.

"ಯಾರ್ರಿ ಆಕಿ?" ಎಂದು ಆಮೇಲೆ ನಾನು ಅವರನ್ನು ಕೇಳಿದೆ.

"ನನ್ನ ತಂಗಿ," ಅಂದರು.

ಅವರಿಗೆ ತಂಗಿಯಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷಗಳ ಪರಿಚಯದಲ್ಲಿ ಒಮ್ಮೆಯೂ ಆ ಮಾತು ಬಂದಿರಲಿಲ್ಲ. ಆ ದಿನಗಳಲ್ಲಿ ಅಷ್ಟಿಷ್ಟಾಗಿ ತಿಳಿಯಿತು. ಅವರ ತಂದೆ ಬೈಲಹೊಂಗಲದಲ್ಲಿ ಉಪದೇಶಿ. ಸಂಪಗಾಂವದವರೆಗೂ ನಡೆದು ಹೋಗಿ ಮನೆಮನೆಯಲ್ಲಿ ಪ್ರಾರ್ಥನೆ ಮಾಡಿಸುತ್ತಿದ್ದವರು. ಮಗಳು ಸೂಲಗಿತ್ತಿಯ ತರಬೇತಿ ಪಡೆದು ಆ ಹೊಳೆದಂಡೆಯ ಹಳ್ಳಿಗೆ ಕೆಲಸಕ್ಕೆ ಬಂದಳು. ಅಲ್ಲಿ ಒಬ್ಬ ಒಕ್ಕಲುತನದ ಶಿವಭಕ್ತರ ಮನೆಯ ಹುಡುಗನನ್ನು ಮೆಚ್ಚಿದಳು. ಲಿಂಗ ಕಟ್ಟಿಸಿಕೊಂಡು ಮದುವೆಯಾದಳು. ತಂದೆ ಮತ್ತೆ ಆಕೆಯ ಹೆಸರೆತ್ತಲಿಲ್ಲ. ತಂದೆಯ ಬಳಿಕ ಅಣ್ಣನೂ ಎತ್ತಲಿಲ್ಲ.

ನೀರು ಇಳಿಯುವ ತನಕ ಅವರು ಗುಡಿಯಲ್ಲಿದ್ದರು. ಹಿರಿಯರು ಎಲ್ಲರಿಗೂ ಅನ್ನ ಸಾರು ಬಡಿಸುವರು. ತಂಗಿಯ ತಾಟಿಗೂ ಬಡಿಸುವರು, ಮುಖ ನೋಡದೆ. ಮುಂಜಾನೆ ನಾನು ವೇದಿಕೆಯ ಬಳಿ ನಿಂತು ಮೆಲ್ಲಗೆ ಪ್ರಾರ್ಥನೆ ಓದುತ್ತಿದ್ದೆ, ಮಲಗಿದವರಿಗೆ ತೊಂದರೆಯಾಗದ ಹಾಗೆ. ಒಂದು ಮುಂಜಾನೆ, ಸಭೆಯವರು ಮಾರುತ್ತರ ಹೇಳಬೇಕಾದ ಕಡೆ ನಾನು ಎಂದಿನಂತೆ ಸುಮ್ಮನೆ ನಿಂತಾಗ, ಬಾಗಿಲ ಕಡೆಯಿಂದ ಆ ಮಾರುತ್ತರ ಬಂತು. ಆಕೆ ಗೋಡೆಗೆ ಒರಗಿ ಕೂತು, ಕಣ್ಣು ಮುಚ್ಚಿ ಹೇಳುತ್ತಿದ್ದಳು. ಒಂದಕ್ಷರ ತಪ್ಪಿರಲಿಲ್ಲ. ಪಕ್ಕದಲ್ಲಿ ಗಂಡ ಎಚ್ಚರವಾಗಿದ್ದ. ಆಕೆಯ ತುಟಿಗಳನ್ನೇ ನೋಡುತ್ತಿದ್ದ.

ಮುಗಿದ ಮೇಲೆ ಆಕೆ ನನಗೆ ಹೇಳಿದಳು: "ಸಗಣಿ ಬಳಿಯೂ ಮುಂದ, ರೊಟ್ಟಿ ಬಡಿಯೂ ಮುಂದ ಬಾಯಾಗ ಬರತಾವ್ರಿ ಅಕ್ಕೋರ. ಇವ್ರು ಬ್ಯಾಡ ಅಂದಿಲ್ಲ ಎಂದೂ."

ಸುಗ್ಗಿಯ ಹಬ್ಬಕ್ಕೆ ಅವರವರು ಬೆಳೆದದ್ದನ್ನು ತಂದು ವೇದಿಕೆಯ ಮುಂದೆ ಇಡುವುದು ನಮ್ಮ ವಾಡಿಕೆ. ಆ ವರ್ಷ ಹೊಳೆದಂಡೆಯವರಿಗೆ ಬೆಳೆ ಎಲ್ಲಿಯದು? ಆದರೂ ಆಕೆ ಬಂದಳು, ಹಿತ್ತಲಲ್ಲಿ ಬದುಕುಳಿದ ಬಳ್ಳಿಯ ಎರಡು ಕುಂಬಳಕಾಯಿ ಹೊತ್ತು. ಬುಟ್ಟಿ ಇಳಿಸುವಾಗ ಉಸಿರು ಸಿಕ್ಕಿಕೊಂಡು ಮೆಟ್ಟಿಲ ಮೇಲೆ ಕೂತಳು. ಎದೆಬೇನೆ ಇದೆಯೆಂದು ಗಂಡ ಹೇಳಿದ. ಹಿರಿಯರು ಬಂದು ಬುಟ್ಟಿ ಎತ್ತಿಕೊಂಡರು. ಎತ್ತಿಕೊಂಡು ಅಲ್ಲೇ ನಿಂತು, ಕುಂಬಳಕಾಯಿಗೆ ಹೇಳುವವರ ಹಾಗೆ ಕೇಳಿದರು:

"ಅವ್ವನ ಸಮಾಧಿ ನೋಡೀಯೇನು?"

"ಇಲ್ಲ," ಅಂದಳು ಆಕೆ. "ಯಾರು ತೋರಸತಾರ?"

"ಸತ್ತವರ ದಿನ ಹೋಗೂಣ. ಅಕ್ಕೋರೂ ಬರ್ತಾರ."

ನನ್ನನ್ನು ಕೇಳಿರಲಿಲ್ಲ. ಆದರೆ ಹೋದೆ. ನವೆಂಬರದ ಆರಂಭದಲ್ಲಿ ತೀರಿಕೊಂಡ ಎಲ್ಲರನ್ನೂ ನೆನೆಯುವ ದಿನ ನಾವು ಮೂವರೂ ಬಸ್ಸು ಹತ್ತಿದೆವು. ಸವದತ್ತಿಯಲ್ಲಿ ಇಳಿದು ಬೇರೆ ಬಸ್ಸು. ಅಣ್ಣ ಡ್ರೈವರನ ಹಿಂದಿನ ಸೀಟಿನಲ್ಲಿ, ನಾವಿಬ್ಬರೂ ಹೆಂಗಸರ ಸೀಟಿನಲ್ಲಿ. ಕರಿಯ ಮಣ್ಣಿನ ಹೊಲಗಳಲ್ಲಿ ಹಿಂಗಾರಿ ಜೋಳ ಗೇಣುದ್ದ ಎದ್ದಿತ್ತು.

ಬೈಲಹೊಂಗಲದ ನಮ್ಮ ಸ್ಮಶಾನ ಊರ ಹೊರಗಿದೆ. ಹಿರಿಯರು ಕಸಬರಿಗೆ, ಸುಣ್ಣದ ಡಬ್ಬಿ ತಂದಿದ್ದರು. ತಾಯಿಯ ಸಮಾಧಿಯ ಮೇಲಿನ ಹುಲ್ಲನ್ನು ಆಕೆ ಕೈಯಲ್ಲೇ ಕಿತ್ತಳು. ಅಣ್ಣ ಸುಣ್ಣ ಬಳಿದರು. ನಾನು ದೂರ ಕೂತೆ. ಆದರೂ ಮಾತು ಕೇಳಿಸಿತು, ಅಲ್ಲಿ ಬೇರೆ ಸಪ್ಪಳವೇ ಇರಲಿಲ್ಲ.

"ಕೊನೀಕ ನಿನ್ನ ಕೇಳಿದ್ಲು ಅವ್ವ," ಅಂದರು ಅಣ್ಣ. "ಎರಡು ಸಲ ಕೇಳಿದ್ಲು. ಹೇಳಿ ಕಳಸಬೇಕಿತ್ತು. ಕಳಸಲಿಲ್ಲ."

ಆಕೆ ಕಿತ್ತ ಹುಲ್ಲನ್ನು ಗುಡ್ಡೆ ಮಾಡಿದಳು.

"ಗೊತ್ತೈತಿ," ಅಂದಳು. "ಬಳಿಗಾರ ಹೇಳಿದ್ದ. ಆವಾಗ ಮಣ್ಣಾಗಿ ತಿಂಗಳಾಗಿತ್ತು."

ಅಣ್ಣ ಕುಂಚ ಕೆಳಗಿಟ್ಟು ಮುಖ ಮುಚ್ಚಿಕೊಂಡರು. ಆಕೆ ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ. ಕುಂಚ ತೆಗೆದುಕೊಂಡು ಉಳಿದ ಬದಿಗೆ ತಾನೇ ಸುಣ್ಣ ಬಳಿದಳು. ಮರಳುವ ಬಸ್ಸಿನಲ್ಲಿ ಅಣ್ಣ ಬಂದು ನಮ್ಮ ಹಿಂದಿನ ಸೀಟಿನಲ್ಲಿ ಕೂತರು. ಸವದತ್ತಿಯಲ್ಲಿ ಆಕೆಗೆ ಚಹಾ ತಂದುಕೊಟ್ಟರು. "ಸಕ್ಕರಿ ಜಾಸ್ತಿ ಹಾಕಸೇನಿ. ನೀ ಜಾಸ್ತಿ ಕುಡೀತಿದ್ದಿ," ಅಂದರು. ಆಕೆ ಆ ದಿನ ಮೊದಲ ಸಲ ನಕ್ಕಳು.

ಹಸಿರು ವಸ್ತ್ರ ತೆಗೆದು ನೇರಳೆ ಹಾಸಿದೆ. ಕ್ರಿಸ್ಮಸ್ಸಿಗೆ ಮುಂಚಿನ ಕಾಯುವ ವಾರಗಳು ಬಂದಿದ್ದವು. ಹಿರಿಯರು ಈಗ ನಡುನಡುವೆ ಹಳ್ಳಿಗೆ ಹೋಗಿ ಬರುತ್ತಿದ್ದರು. ಹಬ್ಬಕ್ಕೆ ತಂಗಿಯನ್ನೂ, ಈಗ ಭಾವ ಎಂದು ಕರೆಯತೊಡಗಿದ್ದ ಆಕೆಯ ಗಂಡನನ್ನೂ ಊಟಕ್ಕೆ ಕರೆದಿದ್ದರು. ಅಷ್ಟರಲ್ಲಿ ಒಂದು ಮುಂಜಾನೆ ಭಾವನ ಫೋನು ಬಂತು. ಆಕೆ ಹೋಗಿಬಿಟ್ಟಿದ್ದಳು. ಒಲೆಯ ಮುಂದೆ ಕೂತಲ್ಲೇ ಗೋಡೆಗೆ ಒರಗಿದ್ದಳಂತೆ.

ಹಿರಿಯರು ನನ್ನ ಮನೆಗೆ ಬಂದಾಗ ಅಳುತ್ತಿರಲಿಲ್ಲ. ಅವಸರದಲ್ಲಿದ್ದರು.

"ಪೆಟ್ಟಿಗಿ ಹೇಳೇನಿ ಅಕ್ಕೋರ. ನಮ್ಮ ಸ್ಮಶಾನದಾಗ ಇಡೂಣ. ಅವ್ವನ ಬಾಜೂಕ ಆಗಂಗಿಲ್ಲ, ಇಲ್ಲೇ ಇಡೂಣ. ನಡೀರಿ."

ಹೊರಡುವ ಮೊದಲು ಧಾರವಾಡದ ಪಾದ್ರಿಗಳಿಗೆ ಫೋನು ಮಾಡಿ, ಲಿಂಗ ಕಟ್ಟಿಕೊಂಡಾಕೆಗೆ ನಮ್ಮ ಮಣ್ಣಿನ ಪ್ರಾರ್ಥನೆ ಓದಬಹುದೇ ಎಂದು ಕೇಳಿದೆ. "ಓದ್ರಿ. ಯಾರರ ಕೇಳಿದ್ರ ನನ್ನ ಕಡೆ ಕಳಸ್ರಿ," ಅಂದರು.

ನಾವು ಹೋಗುವಷ್ಟರಲ್ಲಿ ಆಕೆಯನ್ನು ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿದ್ದರು, ಅವರ ಪದ್ಧತಿಯಂತೆ. ಹೊಸ ಸೀರೆ, ಹಣೆ ತುಂಬ ವಿಭೂತಿ, ಕೈಯಲ್ಲಿ ಲಿಂಗ. ಎದುರಿಗೆ ಭಜನೆ ನಡೆದಿತ್ತು. ಹಿರಿಯರು ಜನರ ನಡುವೆ ಹಾದು ನೇರ ಭಾವನ ಮುಂದೆ ನಿಂತರು.

"ನಮ್ಮ ತಂಗಿನ್ನ ನಮಗ ಕೊಡ್ರಿ."

ಭಜನೆ ನಿಂತಿತು. ಆಕೆಯ ಗಂಡ ತಲೆಯೆತ್ತಿದ. ಸಿಟ್ಟಿರಲಿಲ್ಲ ಅವನಲ್ಲಿ; ಸಿಟ್ಟಿದ್ದರೆ ಕೇಳುವುದು ಸುಲಭವಾಗುತ್ತಿತ್ತೇನೋ.

"ಇಷ್ಟು ವರ್ಷ ಯಾರೂ ಕೇಳಲಿಲ್ಲರಿ," ಅಂದ. "ಮೊನ್ನಿ ನಾನ ಆಕಿನ್ನ ಕೇಳೇನಿ, ನಿನಗ ನಿಮ್ಮವರ ಮಣ್ಣು ಬೇಕೇನು ಅಂತ. ಹೊಲದಾಗ ಇಡ್ರಿ ಅಂದ್ಲು. ನಾನೂ ನಾಳೆ ಅಲ್ಲೇ ಬರಾಂವ ಅಲ್ರಿ?"

ಹಿರಿಯರು ನನ್ನ ಕಡೆ ತಿರುಗಿದರು. ನಾನು ತಮ್ಮ ಪರ ಮಾತಾಡಲಿ ಎಂಬ ಆಸೆ ಆ ಮುಖದಲ್ಲಿತ್ತು. ಆದರೂ ಹೇಳಿದೆ:

"ಕೊಡೂದು ಬಿಡೂದು ಅವ್ರ ಕೈಯಾಗಿಲ್ಲರಿ. ಆಕಿ ಹೇಳಿ ಹೋಗ್ಯಾಳ."

ಅವರು ಇದ್ದಲ್ಲೇ ನೆಲದ ಮೇಲೆ ಕೂತರು. ಆಗ ಅತ್ತರು, ಬಸ್ಸಿನ ದನಿಯವರು, ಸಪ್ಪಳವಿಲ್ಲದೆ. ಭಾವ ಬಂದು ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತಾದ ಮೇಲೆ ಹಿರಿಯರು, "ಪ್ರಾರ್ಥನಾ ಆದ್ರೂ ಓದಸ್ತೀರೇನು?" ಎಂದು ಕೇಳಿದರು. ಭಾವ, ಭಜನೆಯವರ ನಡುವೆ ಕೂತಿದ್ದ ಮಠದ ಸ್ವಾಮಿಗಳ ಕಡೆ ನೋಡಿದ. ಅವರು ವಯಸ್ಸಾದವರು. ಕೈಯಲ್ಲಿದ್ದ ಬಿಲ್ವಪತ್ರೆಯನ್ನು ಬುಟ್ಟಿಗೆ ಹಾಕಿ ಹೇಳಿದರು: "ತವರುಮನಿ ಮಾತು ಅದು. ಓದ್ರಿ ಅವ್ವಾರ, ನಾವೂ ಕೇಳತೇವಿ."

ಹೊಲದಲ್ಲಿ ಕುಣಿ ತೋಡಿ, ಒಳಗೆ ಗೂಡು ಕೊರೆದು ಆಕೆಯನ್ನು ಕೂರಿಸಿದರು. ಸ್ವಾಮಿಗಳ ಮಂತ್ರ ಮುಗಿದ ಮೇಲೆ ನಾನು ಓದಿದೆ. ಮಲಗಿದವರಿಗಾಗಿ ಬರೆದ ಪ್ರಾರ್ಥನೆ ಅದು, ನಿದ್ರೆಯ ಮಾತು, ಏಳುವ ಮಾತು. ಕೂತ ಆಕೆಯನ್ನು ನೋಡುತ್ತ ಓದುವಾಗ ನನ್ನ ದನಿ ಎರಡು ಕಡೆ ನಿಂತಿತು. ಸಭೆ ಹೇಳಬೇಕಾದ ಮಾರುತ್ತರಗಳನ್ನು ಅಣ್ಣ ಒಬ್ಬರೇ ಹೇಳಿದರು. ಕೊನೆಗೆ ಮಣ್ಣು ಹಾಕುವಾಗ ಭಾವ ತನ್ನ ಹಿಡಿಯೊಳಗಿನ ಅರ್ಧವನ್ನು ಅಣ್ಣನ ಕೈಗೆ ಸುರಿದ.

ಮುಂದಿನ ಭಾನುವಾರ ಗುಡಿಯಲ್ಲಿ ಮಾತು ಬಂತು. ನಾನು ಮಾಡಿದ್ದು ಕ್ರಮವಲ್ಲ ಎಂದು ಒಬ್ಬರು ಎದ್ದು ಹೋದರು. ಈಗಲೂ ಅವರು ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ. ಇರಲಿ. ಕ್ರಿಸ್ಮಸ್ಸಿಗೆ ಬಿಳಿ ವಸ್ತ್ರ ಹಾಸಿದೆ. ಹಿರಿಯರು ನಕ್ಷತ್ರ ಕಟ್ಟಲು ಏಣಿ ಹತ್ತಲಿಲ್ಲ. ಹೆಂಗಸರೇ ಕಟ್ಟಿದೆವು. ಆದರೆ ಊಟಕ್ಕೆ ಭಾವ ಒಬ್ಬನೇ ಬಂದ, ಕರೆದದ್ದು ಕರೆದಂತೆಯೇ ಇತ್ತೆಂದು. ಆಮೇಲೆ ಸಂತೆಯ ದಿನ ಇಬ್ಬರೂ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತದ್ದನ್ನು ಜನ ನೋಡತೊಡಗಿದರು.

ಶುಭ ಶುಕ್ರವಾರ ಯೇಸುವಿನ ಮರಣವನ್ನು ನೆನೆಯುತ್ತ ಮಧ್ಯಾಹ್ನ ಮೂರು ತಾಸು ಗುಡಿಯಲ್ಲಿ ಕೂರುತ್ತೇವೆ. ವೇದಿಕೆಯ ಮೇಲೆ ವಸ್ತ್ರವಿಲ್ಲ, ಹೂವಿಲ್ಲ, ದೀಪವಿಲ್ಲ. ಧಾರವಾಡದ ಪಾದ್ರಿಗಳಿಗೆ ಅಲ್ಲಿಯದೇ ಆರಾಧನೆ, ನಾವೇ ಇದ್ದೆವು. ಬಿಸಿಲಿಗೆ ಹೆಂಚು ಕಾಯ್ದು ಒಳಗೆ ಕುದಿಯುತ್ತಿತ್ತು. ನಾನು ಬೈಬಲ್ಲಿನ ಎರಡನೆಯ ಪಾಠ ಓದುತ್ತಿದ್ದಾಗ ಭಾವ ಒಳಗೆ ಬಂದ. ಚಪ್ಪಲಿ ಬಿಟ್ಟು, ತಲೆಯ ರುಮಾಲು ತೆಗೆದು, ಹಿರಿಯರ ಪಕ್ಕದಲ್ಲಿ ಕೂತ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ನಾವು ಮೊಣಕಾಲೂರಿದಾಗ ಅವನು ಊರಲಿಲ್ಲ, ತಲೆ ತಗ್ಗಿಸಿ ಕೂತಿದ್ದ.

ಪಾಠ ಮುಗಿದು ಎಲ್ಲರೂ ಮೌನವಾಗಿದ್ದಾಗ ಅವನು ಹಿರಿಯರ ಕಿವಿಯಲ್ಲಿ ಕೇಳಿದ್ದು ನನಗೂ ಕೇಳಿಸಿತು.

"ಮುಗೀತೇನ್ರಿ?"

"ಇಲ್ಲ. ಇನ್ನ ಭಾಳ ಐತಿ. ನೀವು ಹೊಂಟ್ರ ಹೊಂಡ್ರಿ."

"ಯಾಕ?" ಅಂದ ಅವನು. "ಕುಂಡ್ರತೇನಿ."

ನಾನು ಮುಂದಿನ ಪಾಠ ತೆಗೆದೆ.