ಬೈಗುಳದಿಂದ ಬಂದ ಮಾತು

ಮೈಸೂರಿನಲ್ಲಿ ಓದು ಮುಗಿಸಿ, ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿ ಸೇರಿದ ಮೊದಲ ವರ್ಷ ನಡೆದದ್ದಿದು. ಮಾತು ಕಳೆದುಕೊಂಡವರಿಗೆ ಮತ್ತೆ ಮಾತಾಡಲು ಕಲಿಸುವುದು ನನ್ನ ಕೆಲಸ.

ಕಂಪ್ಲಿಯಿಂದ ಜಂಬಣ್ಣ ಎನ್ನುವವರು ತಾಯಿ ಹುಲಿಗೆಮ್ಮನನ್ನು ಕರೆತಂದರು. ಭತ್ತದ ನಾಟಿಗೆ ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ಹೋಗುತ್ತಿದ್ದ ಗಟ್ಟಿಗಿತ್ತಿ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ನಾವು ಹೇಳಿದ್ದು ಅವರಿಗೆ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಬಾಯಿಗೆ ಬರುತ್ತಿರಲಿಲ್ಲ.

ನಾನು ಚಿತ್ರ ತೋರಿಸಿ, "ಇದು ಏನು ಹೇಳಿ ಅಮ್ಮಾ? ನೀರು. ನಿಧಾನವಾಗಿ ಹೇಳಿ, ನೀರು" ಎನ್ನುತ್ತಿದ್ದೆ. ಮೂರು ವಾರ ಅವರು ತುಟಿ ಬಿಗಿದು ಗೋಡೆ ನೋಡುತ್ತಾ ಕೂತರು.

ಒಂದು ದಿನ ನನ್ನ ಮೊಣಕೈ ತಾಗಿ ಬಿಸಿ ಚಹಾ ಅವರ ಕಾಲ ಮೇಲೆ ಚೆಲ್ಲಿತು.

"ನಿನ್ ಬಾಯಾಗ ಮಣ್ಣ ಹಾಕ!"

ಒಂದಕ್ಷರವೂ ತೊದಲಿರಲಿಲ್ಲ. ಖುಷಿಗೆ ಅವರ ಕೈ ಹಿಡಿದುಕೊಂಡೆ. ಜಂಬಣ್ಣನವರ ಮುಖ ಮಾತ್ರ ಸಣ್ಣದಾಯಿತು. "ತಪ್ಪು ತಿಳಿಬ್ಯಾಡ್ರಿ ಮೇಡಂ. ನಮ್ಮವ್ವನ ಬಾಯಿ ಮೊದ್ಲಿಂದ ಹಂಗ ಐತಿ."

ಲಕ್ವ ಹೊಡೆದವರಲ್ಲಿ ಬೇರೆ ಮಾತು ಹೋದರೂ ರೂಢಿಯ ಬೈಗುಳ ಎಷ್ಟೋ ಸಲ ಉಳಿದಿರುತ್ತದೆ ಎಂದು ಓದಿದ್ದೆ. ಅದನ್ನೇ ಹಿಡಿದು ಮುಂದೆ ಹೋಗಬಹುದೆಂದು ಲೆಕ್ಕ ಹಾಕಿದೆ. ಆದರೆ ಮರುವಾರ ಅವರು ಬರಲೇ ಇಲ್ಲ. ಫೋನ್ ಮಾಡಿದೆ.

"ಬರೀ ಬೈತಾಳ್ರಿ. ಬಸ್ಸಿನ್ಯಾಗ ಕಂಡಕ್ಟರ್‌ಗೂ ಬೈದ್ಲು. ಮಂದಿ ನಗ್ತಾರ. ಸಾಕು ಬಿಡ್ರಿ" ಎಂದರು ಜಂಬಣ್ಣ.

"ನೀವು ಬಿಟ್ರೂ ನಾ ಬಿಡಂಗಿಲ್ರಿ" ಎಂದೆ. ಎಂದೋ ಬಿಟ್ಟಿದ್ದ ನಮ್ಮೂರ ಮಾತು ತಾನಾಗಿ ಬಾಯಿಗೆ ಬಂದಿತ್ತು.

ಆ ಭಾನುವಾರ ನಾನೇ ಕಂಪ್ಲಿ ಬಸ್ಸು ಹತ್ತಿದೆ. ನಾನು ಸಂಡೂರು ತಾಲೂಕಿನ ಬಂಡ್ರಿಯವಳು, ಗಣಿ ಕೂಲಿಗಳ ಮಗಳು. ಮೈಸೂರಿನ ಹಾಸ್ಟೆಲಿನಲ್ಲಿ ನಾನು 'ಬ್ಯಾಡ', 'ಭಾಳ' ಎಂದಾಗಲೆಲ್ಲ ನಗುತ್ತಿದ್ದರು. ಒಂದೊಂದೇ ಮಾತನ್ನು ಬಿಟ್ಟುಬಿಟ್ಟಿದ್ದೆ. ಹುಲಿಗೆಮ್ಮನಿಗೆ ನಾನು ಕಲಿಸುತ್ತಿದ್ದ ಕನ್ನಡ ಅವರದೂ ಆಗಿರಲಿಲ್ಲ, ನನ್ನದೂ ಆಗಿರಲಿಲ್ಲ. ಬಸ್ಸು ಇಳಿಯುವಷ್ಟರಲ್ಲಿ ಏನು ಮಾಡಬೇಕೆಂದು ನಿರ್ಧರಿಸಿದ್ದೆ.

"ಯವ್ವಾ, ನಾ ಬಂಡ್ರಿ ಹುಡುಗಿ. ನಮ್ಮವ್ವ ನಿನಗಿಂತ ಜೋರ ಬೈತಾಳ. ನೀ ಬೈಯಿ ನೋಡಾಣ" ಎಂದೆ, ಅವರ ಎದುರಿಗೆ ನೆಲದ ಮೇಲೆ ಕೂತು.

ಹುಲಿಗೆಮ್ಮ ನನ್ನನ್ನೇ ನೋಡಿದರು. ಅರ್ಧ ಬಾಯಿ ನಕ್ಕಿತು. "ಮೂಳಿ" ಎಂದರು. ಅಷ್ಟು ಅಕ್ಕರೆಯ ಬೈಗುಳವನ್ನು ಎಷ್ಟೋ ವರ್ಷಗಳಿಂದ ನಾನು ಕೇಳಿರಲಿಲ್ಲ.

ಕೆಲಸ ಶುರುವಾಯಿತು. ನಾನು "ನಿನ್ ಬಾಯಾಗ..." ಎಂದರೆ ಅವರು "ಮಣ್ಣ ಹಾಕ" ಎನ್ನುತ್ತಿದ್ದರು. ಹತ್ತಾರು ಸಲ ಹೀಗೆ ಹೇಳಿಸಿ, ನೀರಿನ ಚೊಂಬು ಮುಂದೆ ಹಿಡಿದು, "ನನ್ ಬಾಯಾಗ..." ಎಂದು ನಿಲ್ಲಿಸುತ್ತಿದ್ದೆ. ಅವರ ಹಣೆಯಲ್ಲಿ ಬೆವರೊಡೆಯುತ್ತಿತ್ತು. ಎರಡು ಭಾನುವಾರ ಮಣ್ಣೇ ಬಂತು. ಸಿಟ್ಟಿಗೆ ಎಡಗೈಯಿಂದ ಚೊಂಬು ತಳ್ಳಿದರು. ಮತ್ತೆ ತುಂಬಿ ತಂದೆ.

ಮೂರನೇ ಭಾನುವಾರ, "ನನ್ ಬಾಯಾಗ... ನೀ... ನೀರ್... ನೀರ್ ಹಾಕ."

ಬಾಗಿಲಲ್ಲಿ ನಿಂತಿದ್ದ ಜಂಬಣ್ಣ ಓಡಿ ಬಂದು ಚೊಂಬೆತ್ತಿದರು. ಅವಸರಕ್ಕೆ ಅರ್ಧ ನೀರು ತಾಯಿಯ ಸೆರಗಿನ ಮೇಲೇ ಬಿತ್ತು. "ಅವ್ವ ಕೇಳಿದ್ಲರೀ, ಬಾಯಿಬಿಟ್ಟ ಕೇಳಿದ್ಲು" ಎಂದು ಅತ್ತರು.

ಆಮೇಲೆ ಅವರೇ ದಿನಾ ತಾಯಿಯ ಎದುರು ಕೂತು ಬೈಸಿಕೊಳ್ಳತೊಡಗಿದರು. "ಇವತ್ತ ಒಂದು ಹೊಸಾದು ಬಂತ್ರಿ ಮೇಡಂ! ನನಗ ಗೊತ್ತ ಇರ್ಲಿಲ್ಲ ಅದು" ಎಂದು ಫೋನಿನಲ್ಲಿ ಹೇಳಿ ನಗುತ್ತಿದ್ದರು.

ಮುಂದಿನ ನಾಟಿ ಹೊತ್ತಿಗೆ ಹುಲಿಗೆಮ್ಮನ ಗುಂಪಿನ ಹೆಂಗಸರು ನೋಡಲು ಬಂದರು. ಒಬ್ಬಾಕೆ ಕಣ್ಣೊರೆಸಿಕೊಂಡು, "ಎಂಥಾ ಗತಿ ಬಂತಬೇ ಹುಲಿಗೆವ್ವಾ" ಎಂದಳು.

ಹುಲಿಗೆಮ್ಮ ಒಂದೊಂದೇ ಮಾತು ಕೂಡಿಸಿದರು. "ಲೇ ಮೂಳಿ... ನಾ ಸತ್ತಿಲ್ಲ. ಸಾಲು... ಸೊಟ್ಟ ಹಚ್ಚಿದ್ರ... ಗದ್ದಿ ತನಕ ಬರ್ತೀನಿ."

"ನಮ್ಮ ಹುಲಿಗೆವ್ವ ಬಂದ್ಲು!" ಎಂದು ಹೆಂಗಸರೆಲ್ಲ ಮುತ್ತಿಕೊಂಡರು.

ಅವರ ಬಲಗೈ ಸರಿಹೋಗಲಿಲ್ಲ. ಉದ್ದನೆಯ ಮಾತು ಈಗಲೂ ಕಷ್ಟ. ಆದರೆ ಅಂದಿನಿಂದ ನನ್ನ ಬಳಿ ಬರುವ ಪ್ರತಿ ಮನೆಯವರನ್ನೂ, "ಸಿಟ್ಟು ಬಂದ್ರ ಇವ್ರು ಏನಂತ ಬೈತಿದ್ರು?" ಎಂದು ಕೇಳುತ್ತೇನೆ. ಹೆಚ್ಚಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. ನಾನು ಬಿಡುವುದಿಲ್ಲ. ಅವರು ನಾಚಿಕೊಂಡು ಹೇಳುವವರೆಗೆ ಕಾದು, ಹೇಳಿದ್ದನ್ನು ಒಂದಕ್ಷರವೂ ತಿದ್ದದೆ ಹಾಗೇ ಬರೆದುಕೊಳ್ಳುತ್ತೇನೆ.